ಕೊಲಂಬೊದಿಂದ ರಕ್ತಪರೀಕ್ಷೆಯ ಯಂತ್ರದವರೆಗೆ: ಪ್ರೊ. ಎ. ಪಿ. ಡಿ ಸಿಲ್ವ ಅವರ ಸೆನ್ಸರ್ ಕೆಲಸ

ಯಾವುದಾದರೂ ಪದಾರ್ಥ ಇದೆಯೇ, ಎಷ್ಟಿದೆ ಎಂದು ತಿಳಿಸುವ ಕೆಮಿಕಲ್ ಸೆನ್ಸರ್‌ಗಳ ಬಗ್ಗೆ ಪ್ರತಿವರ್ಷ ರಾಶಿಗಟ್ಟಲೆ ಪ್ರಬಂಧಗಳು ಬರುತ್ತವೆ. ನಮ್ಮ ವಿಶ್ವವಿದ್ಯಾಲಯಗಳಲ್ಲೂ ಈ ವಿಷಯದ ಮೇಲೆ ಪಿಎಚ್‌ಡಿ ಮಾಡುವವರು ಕಡಿಮೆಯೇನಿಲ್ಲ. ಹೊಸ ಅಣು ತಯಾರಾಗುತ್ತದೆ, ಯಾವುದೋ ಅಯಾನು (ವಿದ್ಯುದಾವೇಶ ಇರುವ ಕಣ) ಸೇರಿಸಿದರೆ ಹೊಳೆಯುತ್ತದೆ, ಫೋಟೊ ತೆಗೆದು ಪ್ರಬಂಧ ಬರೆದಾಗುತ್ತದೆ. ಬಹುಪಾಲು ಕಥೆ ಅಲ್ಲಿಗೇ ಮುಗಿಯುತ್ತದೆ. ಲ್ಯಾಬಿನ ಹೊರಗೆ ಆ ಅಣುವನ್ನು ಯಾರೂ ಬಳಸುವುದಿಲ್ಲ.

ಪ್ರೊಫೆಸರ್ ಎ. ಪಿ. ಡಿ ಸಿಲ್ವ ಅವರ ಕೆಲಸ ಹಾಗಾಗಲಿಲ್ಲ. 1985ರಲ್ಲಿ ಕೊಲಂಬೊದಲ್ಲಿ ಶುರುವಾದ ಒಂದು ವಿನ್ಯಾಸ, ಮುಂದೆ ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕದಲ್ಲೇ ಇಟ್ಟು ರಕ್ತದ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಪುಟ್ಟ ಯಂತ್ರದೊಳಗೆ ಹೋಗಿ ಕೂತಿತು. ಅಷ್ಟೇ ಅಲ್ಲ, ಅದೇ ವಿನ್ಯಾಸದಿಂದ, ಕಂಪ್ಯೂಟರಿನ ತರ್ಕವನ್ನು ಅಣುವಿನಲ್ಲೇ ನಡೆಸುವ ಅಣುಗಳ ತರ್ಕ ಎಂಬ ಹೊಸ ಕ್ಷೇತ್ರವೇ ಹುಟ್ಟಿತು. ಇದು ಹೇಗಾಯಿತು, ಅವರು ಎಲ್ಲಿ ಯಾವ ನಿರ್ಧಾರ ತೆಗೆದುಕೊಂಡರು ಅನ್ನುವುದನ್ನು ಬಿಡಿಸಿ ನೋಡುವುದು ಈ ಅಧ್ಯಯನದ ಕೆಲಸ. ಎಂಎಸ್ಸಿ ಓದುತ್ತಿರುವವರಿಗೆ, ಪಿಎಚ್‌ಡಿಗೆ ವಿಷಯ ಹುಡುಕುತ್ತಿರುವವರಿಗೆ ಇದರಲ್ಲಿ ತಿಳಿಯುವಂಥದ್ದು ತುಂಬಾ ಇದೆ ಅಂತ ನನ್ನ ನಂಬಿಕೆ.

ಹಿನ್ನೆಲೆ

ಅಮಿಲ್ರ ಪ್ರಸನ್ನ ಡಿ ಸಿಲ್ವ ಶ್ರೀಲಂಕಾದವರು. ಕೊಲಂಬೊ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಬಿಎಸ್ಸಿ ಮುಗಿಸಿದರು. ಆಮೇಲೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಹೋಗಿ ಕ್ವೀನ್ಸ್ ಯೂನಿವರ್ಸಿಟಿಯಲ್ಲಿ ಜೇಮ್ಸ್ ಗ್ರಿಮ್‌ಶಾ ಅವರ ಬಳಿ ಪಿಎಚ್‌ಡಿ ಮಾಡಿದರು. ಅಲ್ಲಿ ಅವರು ಕಲಿತದ್ದು ಸೆನ್ಸರ್ ಕೆಲಸ ಅಲ್ಲ, ಬೆಳಕಿನ ರಸಾಯನಶಾಸ್ತ್ರ. ಬೆಂಜೀನಿನಂಥ ಉಂಗುರಕ್ಕೆ ಕ್ಲೋರಿನ್ ತರಹದ ಹ್ಯಾಲೊಜನ್ ಅಂಟಿದ ಅಣುಗಳ ಮೇಲೆ ಬೆಳಕು ಬಿದ್ದರೆ ಏನಾಗುತ್ತದೆ ಅನ್ನುವುದು ಅವರ ವಿಷಯವಾಗಿತ್ತು. 1980ರಲ್ಲಿ ಪಿಎಚ್‌ಡಿ ಮುಗಿಸಿ ಕೊಲಂಬೊಗೆ ವಾಪಸಾದರು, ಓದಿದ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡಿದರು. 1986ರಲ್ಲಿ ಮತ್ತೆ ಬೆಲ್‌ಫಾಸ್ಟಿಗೆ ಹೋದರು, ಮುಂದಿನ ವೃತ್ತಿಜೀವನವೆಲ್ಲ ಅಲ್ಲೇ.

ಆ ಕಾಲವನ್ನು ಒಮ್ಮೆ ನೆನೆಯಿರಿ. ಶ್ರೀಲಂಕಾದಲ್ಲಿ 1983ರಿಂದ ಅಂತರ್ಯುದ್ಧ. ಬೆಲ್‌ಫಾಸ್ಟಿನಲ್ಲಿ ಬಾಂಬು, ಗುಂಡಿನ ಗಲಾಟೆ. ಅಲ್ಲಿ ಗುಡ್ ಫ್ರೈಡೇ ಒಪ್ಪಂದ ಆಗಿದ್ದು 1998ರಲ್ಲಿ. ಅಂದರೆ ಈ ಕೆಲಸದ ಮುಖ್ಯ ಭಾಗವೆಲ್ಲ ನೆಮ್ಮದಿ ಇಲ್ಲದ ಎರಡು ಊರುಗಳಲ್ಲಿ ನಡೆದದ್ದು. ಜಗತ್ತಿನ ಅತಿ ಶ್ರೀಮಂತ ಲ್ಯಾಬುಗಳ ಪಟ್ಟಿಯಲ್ಲಿ ಈ ಎರಡೂ ಊರು ಇರಲಿಲ್ಲ.

1985: ಎರಡು ಪುಟಗಳ ಪ್ರಬಂಧ

ಕಾಲೇಜಿನ ಟೈಟ್ರೇಷನ್ ನೆನಪಿದೆ ಅಲ್ವಾ? ಫಿನಾಲ್ಫ್ತಲೀನ್ ಅಥವಾ ಮೀಥೈಲ್ ಆರೆಂಜ್ ಹಾಕಿ ಬಣ್ಣ ಬದಲಾಗುವುದನ್ನೇ ಕಾಯುತ್ತೇವೆ. ಈ ಇಂಡಿಕೇಟರುಗಳಲ್ಲಿ ಬಣ್ಣ ಕೊಡುವ ಭಾಗ ಮತ್ತು ಪ್ರೋಟಾನು (ಆಮ್ಲದಿಂದ ಬರುವ ಹೈಡ್ರೋಜನ್ ಅಯಾನು) ಹಿಡಿಯುವ ಭಾಗ ಒಂದರೊಳಗೊಂದು ಬೆರೆತಿವೆ. ಪ್ರೋಟಾನು ಬಂದು ಕೂತರೆ ಇಡೀ ಅಣುವಿನ ಎಲೆಕ್ಟ್ರಾನ್ ವ್ಯವಸ್ಥೆ ಕದಲುತ್ತದೆ, ಬಣ್ಣ ಬದಲಾಗುತ್ತದೆ. ಇದರಲ್ಲಿ ಒಂದು ತೊಡಕಿದೆ. ಅಣುವನ್ನು ಆಮ್ಲತೆಯ ಬೇರೆ ಮಟ್ಟಕ್ಕೆ, ಅಂದರೆ ಬೇರೆ ಪಿಎಚ್‌ಗೆ ಹೊಂದಿಸಲು ಹೋದರೆ ಬಣ್ಣವೂ ಬದಲಾಗುತ್ತದೆ. ಬಣ್ಣ ಸರಿಪಡಿಸಲು ಹೋದರೆ ಪಿಎಚ್ ಕೆಡುತ್ತದೆ. ಹೊಸ ಇಂಡಿಕೇಟರ್ ಬೇಕೆಂದರೆ ಪ್ರತಿಸಲ ಮೊದಲಿನಿಂದ ಶುರು ಮಾಡಬೇಕು.

ಡಿ ಸಿಲ್ವ ಈ ಎರಡು ಭಾಗಗಳನ್ನು ಬೇರೆ ಮಾಡಿದರು. ಒಂದು ಕಡೆ ಹೊಳೆಯುವ ಭಾಗ. ಇನ್ನೊಂದು ಕಡೆ ಅಯಾನನ್ನು ಹಿಡಿಯುವ ಭಾಗ. ನಡುವೆ ಇವೆರಡನ್ನೂ ದೂರ ಇಡುವ ಒಂದು ಪುಟ್ಟ ಕೊಂಡಿ, ಹಲವು ಸಲ ಒಂದೇ ಕಾರ್ಬನ್ನಿನ ಮೆಥಿಲೀನ್ ಗುಂಪು.

ವಿದ್ಯಾರ್ಥಿ ರೂಪಸಿಂಘೆ ಅವರ ಜತೆ ಕೊಲಂಬೊದಿಂದ ಬರೆದ ಪ್ರಬಂಧ 1985ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಪತ್ರಿಕೆಯಲ್ಲಿ ಬಂತು. ಎರಡೇ ಪುಟ. ಅದರಲ್ಲಿದ್ದದ್ದು ಆಂತ್ರಸೀನ್‌ಗೆ ಮೆಥಿಲೀನ್ ಮೂಲಕ ಅಮೀನ್ ಎಂಬ ನೈಟ್ರೋಜನ್ ಇರುವ ಗುಂಪನ್ನು ಜೋಡಿಸಿದ ಅಣುಗಳು. ಆಂತ್ರಸೀನ್ ಅಲ್ಟ್ರಾವಯಲೆಟ್ ಬೆಳಕು ಹೀರಿ ನೀಲಿ ಬೆಳಕು ಸೂಸುತ್ತದೆ. ಆದರೆ ಪಕ್ಕದಲ್ಲಿ ಅಮೀನ್ ಇದ್ದರೆ ಹಾಗಾಗುವುದಿಲ್ಲ. ಬೆಳಕು ಹೀರಿದ ಆಂತ್ರಸೀನ್‌ಗೆ ಅಮೀನಿನ ನೈಟ್ರೋಜನ್ನಿನಿಂದ ಒಂದು ಎಲೆಕ್ಟ್ರಾನ್ ಹಾರಿಬಿಡುತ್ತದೆ. ಬೆಳಕಾಗಿ ಹೊರಬರಬೇಕಿದ್ದ ಶಕ್ತಿ ಅಲ್ಲಿಗೇ ವ್ಯರ್ಥವಾಗುತ್ತದೆ, ಅಣು ಕತ್ತಲಾಗಿರುತ್ತದೆ. ಈಗ ಆಮ್ಲ ಸೇರಿಸಿ. ಪ್ರೋಟಾನು ಬಂದು ನೈಟ್ರೋಜನ್ನಿನ ಆ ಎಲೆಕ್ಟ್ರಾನ್ ಜೋಡಿಯನ್ನು ಹಿಡಿದುಕೊಳ್ಳುತ್ತದೆ. ಎಲೆಕ್ಟ್ರಾನ್ ಹಾರಲಾರದು. ಆಂತ್ರಸೀನ್ ಹೊಳೆಯುತ್ತದೆ.

ಹೊಳಪು ಬರುತ್ತದೆ ಅಥವಾ ಹೋಗುತ್ತದೆ, ಅದರ ಬಣ್ಣ ಮಾತ್ರ ಬದಲಾಗುವುದಿಲ್ಲ. ಬೇರೆ ಪಿಎಚ್‌ಗೆ ಬೇಕೆಂದರೆ ಅಮೀನನ್ನಷ್ಟೇ ಬದಲಿಸಿದರೆ ಸಾಕು, ಆಂತ್ರಸೀನ್ ಹಾಗೇ ಇರುತ್ತದೆ. ಪ್ರಯೋಗಕ್ಕೆ ಬೇಕಾದದ್ದು ಹೊಳಪು ಅಳೆಯುವ ಫ್ಲೋರಿಮೀಟರ್, ಪಿಎಚ್ ಮೀಟರ್, ಆಮ್ಲ, ಕ್ಷಾರ. ಬೆಳಕಿನ ಹೊಡೆತಕ್ಕೆ ಎಲೆಕ್ಟ್ರಾನ್ ಹಾರುವ ಈ ವಿದ್ಯಮಾನಕ್ಕೆ ಫೋಟೊ ಇಂಡ್ಯೂಸ್ಡ್ ಎಲೆಕ್ಟ್ರಾನ್ ಟ್ರಾನ್ಸ್‌ಫರ್ ಅನ್ನುತ್ತಾರೆ, ಚಿಕ್ಕದಾಗಿ ಪಿಇಟಿ.

ಒಂದು ಮಾತು ಸ್ಪಷ್ಟವಾಗಿರಲಿ. ಪಿಇಟಿಯನ್ನು ಕಂಡುಹಿಡಿದವರು ಡಿ ಸಿಲ್ವ ಅಲ್ಲ. ಜರ್ಮನಿಯ ಆಲ್ಬರ್ಟ್ ವೆಲ್ಲರ್ ಅದರ ಲೆಕ್ಕಾಚಾರವನ್ನೇ ಹಾಕಿಕೊಟ್ಟಿದ್ದರು. ಅಮೀನ್ ಹೊಳಪನ್ನು ಆರಿಸುತ್ತದೆ ಅನ್ನುವುದೂ ಗೊತ್ತಿದ್ದ ಸಂಗತಿಯೇ. ಅಯಾನು ಹಿಡಿಯುವ ಉಂಗುರಗಳಾದ ಕ್ರೌನ್ ಈಥರ್‌ಗಳ ಬಗ್ಗೆ ಚಾರ್ಲ್ಸ್ ಪೆಡರ್ಸನ್ 1967ರಲ್ಲೇ ಬರೆದಿದ್ದರು. ಡಿ ಸಿಲ್ವ ಮಾಡಿದ್ದು, ಚದುರಿದ್ದ ಈ ಮೂರು ತಿಳಿವಳಿಕೆಗಳನ್ನು ಒಂದೇ ವಿನ್ಯಾಸಕ್ಕೆ ತಂದದ್ದು. ಇದನ್ನು ಕೆಲವರು ಸಣ್ಣ ಕೆಲಸ ಅನ್ನಬಹುದು. ನನಗಂತೂ ಇದೇ ಅವರ ವೃತ್ತಿಯ ಅತಿ ದೊಡ್ಡ ಹೆಜ್ಜೆ.

ಮೊದಲು ಲೆಕ್ಕ, ಆಮೇಲೆ ಸಿಂಥೆಸಿಸ್

ಭಾಗಗಳನ್ನು ಬೇರೆ ಇಟ್ಟರೆ ಸಿಗುವ ಲಾಭ ಏನು? ಅಣುವನ್ನು ತಯಾರಿಸುವ ಮುಂಚೆಯೇ ಅದು ಕೆಲಸ ಮಾಡುತ್ತದೋ ಇಲ್ಲವೋ ಹೇಳಬಹುದು. ಅಮೀನಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು ಎಷ್ಟು ವೋಲ್ಟೇಜ್ ಬೇಕು, ಹೊಳೆಯುವ ಭಾಗಕ್ಕೆ ಎಲೆಕ್ಟ್ರಾನ್ ಕೊಡಲು ಎಷ್ಟು ಬೇಕು, ಬೆಳಕು ಹೀರಿದಾಗ ಅದರಲ್ಲಿ ಎಷ್ಟು ಶಕ್ತಿ ಇರುತ್ತದೆ. ಈ ಮೂರು ಅಂಕಿಗಳು ಎಷ್ಟೋ ಅಣುಗಳಿಗೆ ಪುಸ್ತಕದ ಕೋಷ್ಟಕಗಳಲ್ಲೇ ಸಿಗುತ್ತವೆ. ವೆಲ್ಲರ್ ಸಮೀಕರಣಕ್ಕೆ ಹಾಕಿದರೆ ಎಲೆಕ್ಟ್ರಾನ್ ಹಾರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಅಯಾನು ಎಷ್ಟು ಬಿಗಿಯಾಗಿ ಕೂರುತ್ತದೆ ಅನ್ನುವುದನ್ನು ಹಿಡಿಯುವ ಭಾಗದ ಹಳೆಯ ಅಂಕಿಅಂಶದಿಂದ ಊಹಿಸಬಹುದು.

ಸಿಂಥೆಸಿಸ್, ಅಂದರೆ ಲ್ಯಾಬಿನಲ್ಲಿ ಅಣು ತಯಾರಿಸುವ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಅಣುವನ್ನು ಶುದ್ಧಗೊಳಿಸಲು ತಿಂಗಳುಗಟ್ಟಲೆ ಕಾಲಮ್ ಓಡಿಸಿ, ಕೊನೆಗೆ ಸಿಕ್ಕ ಅಣು ಸುಮ್ನೆ ಕೂತರೆ ಆಗುವ ನಿರಾಸೆ ಸಣ್ಣದಲ್ಲ. ದುಡ್ಡು ಕಡಿಮೆ ಇರುವ ಲ್ಯಾಬಿಗೆ ಅದು ಇನ್ನೂ ದೊಡ್ಡ ನಷ್ಟ.

1986ರಲ್ಲಿ ಅಮೀನಿನ ಜಾಗಕ್ಕೆ ಕ್ರೌನ್ ಈಥರ್ ಉಂಗುರ ಬಂತು, ಅಣು ಸೋಡಿಯಂ, ಪೊಟ್ಯಾಸಿಯಂನಂಥ ಕ್ಷಾರಲೋಹದ ಅಯಾನುಗಳಿಗೆ ಹೊಳೆಯಿತು. 1990ರಲ್ಲಿ ನಿಮಲ್ ಗುಣರತ್ನೆ ಅವರ ಜತೆ ಕ್ಯಾಲ್ಸಿಯಂ ಸೆನ್ಸರ್ ಬಂತು. ಅದಕ್ಕೆ ಅಯಾನು ಹಿಡಿಯುವ ಭಾಗವನ್ನು ಅವರು ಹೊಸದಾಗಿ ಹುಡುಕಲಿಲ್ಲ. ರೋಜರ್ ಚೆನ್ 1980ರಲ್ಲಿ ರೂಪಿಸಿದ್ದ ಬಾಪ್ಟಾ ಎಂಬ ರಚನೆಯನ್ನೇ ತೆಗೆದುಕೊಂಡರು. ಮೆಗ್ನೀಸಿಯಂ ಎಷ್ಟೇ ಇದ್ದರೂ ಕ್ಯಾಲ್ಸಿಯಂ ಅನ್ನೇ ಆರಿಸಿಕೊಳ್ಳುವ ರಚನೆ ಅದು. ಸೆನ್ಸರಿನ ಗುಣಗಳನ್ನು ಮೊದಲೇ ಅಂಕಿಗಳಲ್ಲಿ ಹೇಳಬಹುದು ಅನ್ನುವ ಮಾತನ್ನು ಆ ಪ್ರಬಂಧದ ಶೀರ್ಷಿಕೆಯಲ್ಲೇ ಹಾಕಿದ್ದರು.

ಇಲ್ಲಿ ಚೆನ್ ಅವರ ದಾರಿಯನ್ನೂ ನೋಡಬೇಕು. ಅವರ ಹೆಸರಾಂತ ಕ್ಯಾಲ್ಸಿಯಂ ಸೆನ್ಸರ್ ಫ್ಯೂರಾ-2 ಬಂದಿದ್ದೂ 1985ರಲ್ಲೇ. ಅದರಲ್ಲಿ ಎರಡು ಭಾಗಗಳು ಬೆರೆತೇ ಇವೆ, ಕ್ಯಾಲ್ಸಿಯಂ ಕೂತರೆ ಹೀರುವ ಬೆಳಕಿನ ತರಂಗಾಂತರ ಬದಲಾಗುತ್ತದೆ. ಎರಡು ತರಂಗಾಂತರಗಳಲ್ಲಿ ಅಳೆದು ಭಾಗಿಸಿದರೆ ಜೀವಕೋಶದೊಳಗೆ ಸೆನ್ಸರ್ ಅಣು ಎಷ್ಟು ತುಂಬಿದೆ ಅನ್ನುವ ತಲೆನೋವು ಇರುವುದಿಲ್ಲ. ಮೈಕ್ರೋಸ್ಕೋಪಿನಡಿ ಕೋಶ ನೋಡುವವರಿಗೆ ಇದು ದೊಡ್ಡ ಅನುಕೂಲ. ಪಿಇಟಿ ಸೆನ್ಸರ್‌ನಲ್ಲಿ ಬದಲಾಗುವುದು ಹೊಳಪಿನ ಪ್ರಮಾಣ ಒಂದೇ. ಹಾಗಾಗಿ ಡಿ ಸಿಲ್ವ ವಿನ್ಯಾಸ ಎಲ್ಲ ಕಡೆಗೂ ಸಲ್ಲುವಂಥದ್ದಲ್ಲ. ಒಂದೇ ಅಳತೆಯ ಪದರ, ಒಂದೇ ದೀಪ, ಪ್ರತಿಸಲ ಕ್ಯಾಲಿಬ್ರೇಷನ್ ಇರುವ ಜಾಗ ಅದಕ್ಕೆ ಬೇಕು. ಅಂಥ ಜಾಗ ರಕ್ತಪರೀಕ್ಷೆಯಲ್ಲಿ ಸಿಕ್ಕಿತು.

ರಕ್ತ ಕೇಳುವ ಅಳತೆ

ತುರ್ತು ಚಿಕಿತ್ಸೆಯಲ್ಲಿ ರಕ್ತದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಪಿಎಚ್ ಕೂಡಲೇ ಗೊತ್ತಾಗಬೇಕು. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ದಾರಿ ತಪ್ಪುತ್ತದೆ. ಮುಖ್ಯ ಲ್ಯಾಬಿಗೆ ಕಳಿಸಿ ರಿಪೋರ್ಟ್ ಕಾಯಲು ಎಷ್ಟೋ ಸಲ ಸಮಯ ಇರುವುದಿಲ್ಲ.

ಆರೋಗ್ಯವಂತರ ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್. ಪೊಟ್ಯಾಸಿಯಂ 3.5ರಿಂದ 5. ಸೆನ್ಸರ್ ಮಾಡುವವರಿಗೆ ಇಲ್ಲಿ ಎರಡು ಸವಾಲುಗಳಿವೆ.

ಮೊದಲನೆಯದು, ಹಿಡಿತ ಬಿಗಿಯಾದಷ್ಟೂ ಒಳ್ಳೆಯದು ಅನ್ನುವ ತಪ್ಪು ಕಲ್ಪನೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಅಕ್ಕಿ ಮೂಟೆ ತೂಗಲು ಆಗುವುದಿಲ್ಲ. ಸೋಡಿಯಂ ಅನ್ನು ತುಂಬಾ ಬಿಗಿಯಾಗಿ ಹಿಡಿಯುವ ಅಣು 140 ಮಿಲಿಮೋಲ್‌ನಲ್ಲಿ ಪೂರ್ತಿ ತುಂಬಿಹೋಗಿರುತ್ತದೆ. 125 ಇದ್ದರೂ ಅಷ್ಟೇ ಹೊಳೆಯುತ್ತದೆ, 155 ಇದ್ದರೂ ಅಷ್ಟೇ. ವೈದ್ಯರಿಗೆ ಬೇಕಾದದ್ದು ಆ ವ್ಯತ್ಯಾಸವೇ ತಾನೆ? ಆದ್ದರಿಂದ ಹಿಡಿತ ಸಡಿಲವಾಗಿರಬೇಕು. ಅಳೆಯಬೇಕಾದ ಪ್ರಮಾಣದಲ್ಲಿ ಅರ್ಧದಷ್ಟು ಅಣುಗಳು ತುಂಬಿ ಇನ್ನರ್ಧ ಖಾಲಿ ಇರುವಷ್ಟು ಸಡಿಲ. ಪ್ರಬಂಧಗಳಲ್ಲಿ ದಾಖಲೆಯ ಸೂಕ್ಷ್ಮತೆಗೆ ಚಪ್ಪಾಳೆ ಸಿಗುತ್ತದೆ. ಆಸ್ಪತ್ರೆಗೆ ಬೇಕಾದದ್ದು ಸರಿಯಾದ ಜಾಗಕ್ಕೆ ಹೊಂದುವ ಅಳತೆ.

ಎರಡನೆಯದು, ಆಯ್ಕೆ. ಪೊಟ್ಯಾಸಿಯಂ ಅಳೆಯುವಾಗ ಪಕ್ಕದಲ್ಲಿ ಸುಮಾರು 30 ಪಟ್ಟು ಸೋಡಿಯಂ ಇರುತ್ತದೆ. ಅದನ್ನು ಪೂರ್ತಿ ಕಡೆಗಣಿಸುವ ಅಣು ಬೇಕು. ಜತೆಗೆ ರಕ್ತದ ಪಿಎಚ್ 7.4ರ ಆಸುಪಾಸಿನಲ್ಲಿ ಸ್ವಲ್ಪ ಆಚೀಚೆ ಆದರೂ ಸೋಡಿಯಂ ಸೆನ್ಸರ್ ಅದಕ್ಕೆ ಪ್ರತಿಕ್ರಿಯಿಸಬಾರದು. ಸಾಮಾನ್ಯ ಅಮೀನ್ ಇಲ್ಲಿ ಕೆಲಸಕ್ಕೆ ಬಾರದು, ಅದು ಪ್ರೋಟಾನನ್ನು ಹಿಡಿದುಬಿಡುತ್ತದೆ.

1996ರಲ್ಲಿ ಡಿ ಸಿಲ್ವ ಗುಂಪು ಇದಕ್ಕೆ ಒಂದು ಉತ್ತರ ಕೊಟ್ಟಿತು. ಗುಣರತ್ನೆ ಮತ್ತು ಐಸ್‌ಲ್ಯಾಂಡಿನಿಂದ ಬಂದಿದ್ದ ವಿದ್ಯಾರ್ಥಿ ಥಾರ್ಫಿನ್ನುರ್ ಗುನ್ಲಾಗ್ಸನ್ ಆ ಕೆಲಸದಲ್ಲಿದ್ದರು. ಸಾಮಾನ್ಯ ಅಮೀನಿನ ಬದಲು ಬೆಂಜೀನ್ ಉಂಗುರಕ್ಕೆ ಅಂಟಿದ ನೈಟ್ರೋಜನ್ ಬಳಸಿದರು, ಅದು ಪ್ರೋಟಾನನ್ನು ಸುಲಭಕ್ಕೆ ಹಿಡಿಯುವುದಿಲ್ಲ. ಆ ನೈಟ್ರೋಜನ್ನನ್ನೇ ಅಯಾನು ಹಿಡಿಯುವ ಐದು ಪರಮಾಣುಗಳಿರುವ ಕ್ರೌನ್ ಉಂಗುರದೊಳಗೆ ಸೇರಿಸಿದರು. ಬೆಂಜೀನಿನ ಪಕ್ಕದ ಸ್ಥಾನದಲ್ಲಿ ಒಂದು ಮೆಥಾಕ್ಸಿ ಗುಂಪು ಇಟ್ಟರು. ಸೋಡಿಯಂ ಬಂದು ಕೂತಾಗ ಆ ಮೆಥಾಕ್ಸಿಯ ಆಮ್ಲಜನಕವೂ ಅದನ್ನು ಹಿಡಿಯುತ್ತದೆ, ಅಣು ತಿರುಚಿಕೊಳ್ಳುತ್ತದೆ, ಎಲೆಕ್ಟ್ರಾನ್ ಹಾರುವುದು ನಿಲ್ಲುತ್ತದೆ.

ಮುಂದಿನ ಹೆಜ್ಜೆ ಇಟ್ಟವರು ವಿಶ್ವವಿದ್ಯಾಲಯದವರಲ್ಲ, ಕಂಪನಿಯ ರಸಾಯನಶಾಸ್ತ್ರಜ್ಞರು. ಎವಿಎಲ್ ಎಂಬ ಆಸ್ಟ್ರಿಯಾ ಮೂಲದ ಕಂಪನಿಯ ವೈದ್ಯಕೀಯ ಉಪಕರಣಗಳ ವಿಭಾಗ, 2000ದಲ್ಲಿ ಅದನ್ನು ಕೊಂಡ ರೋಷ್, ಇವೆರಡರ ತಂಡ ಪಿಇಟಿ ವಿನ್ಯಾಸವನ್ನು ಒಪ್ಟಿ ಎಂಬ ಯಂತ್ರಕ್ಕೆ ಅಳವಡಿಸಿತು. ಇಲ್ಲಿ ಅವರಿಗೆ ಆಂತ್ರಸೀನ್ ಒಗ್ಗಲಿಲ್ಲ. ಅದಕ್ಕೆ ಅಲ್ಟ್ರಾವಯಲೆಟ್ ಬೇಕು, ಆ ಬೆಳಕಿಗೆ ರಕ್ತದ ಪದಾರ್ಥಗಳೂ ಪ್ಲಾಸ್ಟಿಕ್ಕೂ ತಾವೇ ಹೊಳೆಯುತ್ತವೆ. ಅವರು ಅಮಿನೊ ನಾಫ್ತಲಿಮೈಡ್ ಎಂಬ ಬೇರೆ ಹೊಳೆಯುವ ಭಾಗ ಹಾಕಿದರು. ಅಗ್ಗದ ನೀಲಿ ಎಲ್‌ಇಡಿ ಸಾಕು, ಹಸಿರು-ಹಳದಿ ಬೆಳಕು ಬರುತ್ತದೆ. ಈ ನಾಫ್ತಲಿಮೈಡ್‌ನಲ್ಲಿ ಎಲೆಕ್ಟ್ರಾನ್ ಯಾವ ದಿಕ್ಕಿನಿಂದ ಸುಲಭವಾಗಿ ಹಾರುತ್ತದೆ ಅನ್ನುವುದನ್ನು 1990ರ ದಶಕದ ಮಧ್ಯದಲ್ಲಿ ತೋರಿಸಿದ್ದೂ ಡಿ ಸಿಲ್ವ ಗುಂಪೇ. ಸೋಡಿಯಂ ಹಿಡಿಯುವ ಭಾಗ 1996ರ ಆ ರಚನೆಯ ದಾರಿಯದ್ದೇ. ಪೊಟ್ಯಾಸಿಯಂಗೆ ಮಾತ್ರ ಮೂರು ನೈಟ್ರೋಜನ್ನುಗಳ ಒಂದು ಪಂಜರದಂಥ ಅಣುವನ್ನು ಕಂಪನಿಯವರೇ ಕಟ್ಟಿದರು. ಸೋಡಿಯಂ ಅದರಲ್ಲಿ ಸರಿಯಾಗಿ ಕೂರುವುದಿಲ್ಲ.

ಅಣುವನ್ನು ನೀರು ಹೀರುವ ಪಾಲಿಮರ್ ಪದರಕ್ಕೆ ಅಂಟಿಸಿ, ರಕ್ತದ ಕೆಂಪು ಅಡ್ಡ ಬರದಂತೆ ಮೇಲೆ ಕಪ್ಪು ಪದರ ಬಳಿದರು. ಅಯಾನುಗಳು ಅದನ್ನು ದಾಟಿ ಒಳಗೆ ಹೋಗುತ್ತವೆ, ಬೆಳಕು ದಾಟುವುದಿಲ್ಲ. ಒಮ್ಮೆ ಬಳಸಿ ಎಸೆಯುವ ಕ್ಯಾಸೆಟ್‌ಗೆ ಸ್ವಲ್ಪ ರಕ್ತ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಅಂಕಿಗಳು ಬರುತ್ತವೆ. ಈ ಸೆನ್ಸರ್‌ಗಳ ವಿವರ 2003ರಲ್ಲಿ ಪ್ರಕಟವಾಯಿತು. ಇದು ಆಸ್ಪತ್ರೆಗಳಿಗೂ ಆಂಬ್ಯುಲೆನ್ಸ್‌ಗಳಿಗೂ ಪಶುವೈದ್ಯರಿಗೂ ತಲುಪಿದೆ.

1985ರಿಂದ 2003. ಎರಡು ಪುಟಗಳ ಪ್ರಬಂಧ ಯಂತ್ರವಾಗಲು ಹೆಚ್ಚುಕಡಿಮೆ ಎರಡು ದಶಕ ಹಿಡಿಯಿತು. ಡಿ ಸಿಲ್ವ ತಾವೇ ಕಂಪನಿ ಕಟ್ಟಿ ಇದನ್ನು ಮಾಡಲಿಲ್ಲ. ಬೇರೆ ಊರಿನ ರಸಾಯನಶಾಸ್ತ್ರಜ್ಞರು ಒಂದು ಭಾಗ ತೆಗೆದು ಇನ್ನೊಂದು ಹಾಕಿ ಮುಂದುವರಿಸಲು ಆಗಿದ್ದು, ವಿನ್ಯಾಸದಲ್ಲಿ ಭಾಗಗಳು ಬೇರೆಬೇರೆಯಾಗಿ ಇದ್ದದ್ದರಿಂದ. ಅವರ ಯಶಸ್ಸಿನ ಗುಟ್ಟು ಯಾವುದೋ ಒಂದು ಅಣುವಿನಲ್ಲಿಲ್ಲ, ಬೇರೆಯವರು ಬಳಸಲು ಆಗುವ ಹಾಗೆ ಅದನ್ನು ರೂಪಿಸಿದ್ದರಲ್ಲಿದೆ. ಈ ಪ್ರಕರಣದಿಂದ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ನಮ್ಮ ಕಡೆಯ ಒಂದು ಉದಾಹರಣೆ ಇಲ್ಲಿ ಹೇಳಲೇಬೇಕು. ಕೋಲಾರ, ಪಾವಗಡ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಅಂದರೆ 0.08 ಮಿಲಿಮೋಲ್ ಆಸುಪಾಸು. ಫ್ಲೋರೈಡ್ ಸೆನ್ಸರ್ ಅಂತ ಪ್ರಬಂಧಗಳಿಗೆ ಬರ ಇಲ್ಲ. ಆದರೆ ಅವುಗಳಲ್ಲಿ ಎಷ್ಟೋ ಅಣುಗಳು ನೀರಿನಲ್ಲಲ್ಲ, ಬೇರೆ ದ್ರಾವಕಗಳಾದ ಅಸಿಟೊನೈಟ್ರೈಲ್‌ನಲ್ಲೋ ಡಿಎಂಎಸ್‌ಒದಲ್ಲೋ ಕೆಲಸ ಮಾಡುತ್ತವೆ. ನೀರಿನಲ್ಲಿ ಫ್ಲೋರೈಡ್ ಸುತ್ತ ನೀರಿನ ಅಣುಗಳೇ ಬಿಗಿಯಾಗಿ ಮುತ್ತಿಕೊಳ್ಳುತ್ತವೆ, ಸೆನ್ಸರ್‌ಗೆ ಅದು ಸಿಗುವುದೇ ಇಲ್ಲ. ನಿಜವಾದ ನೀರು, ನಿಜವಾದ ಪ್ರಮಾಣ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಅಣು ಕಟ್ಟುವ ಶಿಸ್ತು ನಮ್ಮ ಸಂಶೋಧನೆಯಲ್ಲಿ ಇನ್ನಷ್ಟು ಬೇಕು.

ಸೆನ್ಸರ್‌ನಿಂದ ತರ್ಕಕ್ಕೆ

1993ರಲ್ಲಿ ಡಿ ಸಿಲ್ವ, ಗುಣರತ್ನೆ, ಕಾಲಿನ್ ಮೆಕಾಯ್ ಮೂವರು ನೇಚರ್ ಪತ್ರಿಕೆಯಲ್ಲಿ ಒಂದು ಅಣುವಿನ ಬಗ್ಗೆ ಬರೆದರು. ಅದರಲ್ಲಿ ಹೊಳೆಯಲು ಆಂತ್ರಸೀನ್, ಪ್ರೋಟಾನು ಹಿಡಿಯಲು ಅಮೀನ್, ಸೋಡಿಯಂ ಹಿಡಿಯಲು ಕ್ರೌನ್ ಈಥರ್. ಪ್ರೋಟಾನು ಮಾತ್ರ ಬಂದರೆ ಕ್ರೌನ್ ಕಡೆಯಿಂದ ಎಲೆಕ್ಟ್ರಾನ್ ಹಾರುತ್ತದೆ. ಸೋಡಿಯಂ ಮಾತ್ರ ಬಂದರೆ ಅಮೀನ್ ಕಡೆಯಿಂದ ಹಾರುತ್ತದೆ. ಎರಡೂ ಬಂದರೆ ಮಾತ್ರ ಚೆನ್ನಾಗಿ ಹೊಳೆಯುತ್ತದೆ. ಕಂಪ್ಯೂಟರ್ ಓದಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ, ಎರಡು ಸಂಕೇತಗಳೂ ಒಳಬಂದರಷ್ಟೇ ಉತ್ತರ ಕೊಡುವ ಆಂಡ್ ಗೇಟ್. ಒಂದೇ ಅಣುವಿನ ಗಾತ್ರದ್ದು.

ಹೊಸ ರಸಾಯನಶಾಸ್ತ್ರಕ್ಕಿಂತ ಇಲ್ಲಿ ಹೊಸದಾಗಿದ್ದು ನೋಡುವ ರೀತಿ. ಅಣು ಅದೇ ಕುಟುಂಬದ್ದು. ಅದನ್ನು ತರ್ಕದ ಕಣ್ಣಿನಿಂದ ಓದಿದ್ದರಿಂದ ಜಗತ್ತಿನ ನಾನಾ ಕಡೆ ನೂರಾರು ಪ್ರಬಂಧಗಳು ಈ ದಾರಿ ಹಿಡಿದವು.

ಆಕ್ಷೇಪಗಳೂ ಬಂದವು, ಅವು ಸುಳ್ಳಲ್ಲ. ಸಿಲಿಕಾನ್ ಗೇಟಿಗೆ ಒಳಗೆ ಹೋಗುವುದೂ ವೋಲ್ಟೇಜ್, ಹೊರಗೆ ಬರುವುದೂ ವೋಲ್ಟೇಜ್. ಹಾಗಾಗಿ ಒಂದರ ಹಿಂದೆ ಒಂದು ಜೋಡಿಸಬಹುದು. ಈ ಅಣುವಿಗೆ ಒಳಗೆ ಹೋಗುವುದು ಅಯಾನು, ಹೊರಗೆ ಬರುವುದು ಬೆಳಕು. ಜೋಡಿಸುವುದು ಹೇಗೆ? ಅಣುಗಳಿಂದ ಲ್ಯಾಪ್‌ಟಾಪ್ ಬರುತ್ತದೆ ಎಂದು ಕಾದವರಿಗೆ ನಿರಾಸೆಯೇ ಆಯಿತು. ಡಿ ಸಿಲ್ವ ಹಿಡಿದ ದಾರಿ ಬೇರೆ. ಸಿಲಿಕಾನ್ ಚಿಪ್ ಹೋಗಲಾರದಷ್ಟು ಚಿಕ್ಕ ಜಾಗಕ್ಕೆ ಅಣು ಹೋಗಬಲ್ಲದು, ಅಲ್ಲಿ ಪುಟ್ಟ ತರ್ಕವೂ ಉಪಯೋಗಕ್ಕೆ ಬರುತ್ತದೆ. 2006ರಲ್ಲಿ ಅವರ ಗುಂಪು ಎರಡು ಉದಾಹರಣೆ ಕೊಟ್ಟಿತು. ಒಂದು, ನೂರು ಮೈಕ್ರಾನ್ ಗಾತ್ರದ ಪಾಲಿಮರ್ ಮಣಿಗಳಿಗೆ ಬೇರೆಬೇರೆ ಗೇಟ್ ಅಣುಗಳನ್ನು ಅಂಟಿಸಿ, ಹೊಳೆಯುವ ರೀತಿಯಿಂದ ಒಂದೊಂದು ಮಣಿಯನ್ನೂ ಗುರುತಿಸುವುದು. ಇನ್ನೊಂದು, ಸೋಡಿಯಂ, ಪ್ರೋಟಾನು, ಸತು ಮೂರೂ ಸಾಕಷ್ಟು ಇದ್ದರಷ್ಟೇ ಹೊಳೆಯುವ ಅಣು. ಮೂರು ಪರೀಕ್ಷೆ ನಡೆಸಿ ಮೂರು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ತೀರ್ಮಾನಕ್ಕೆ ಬರುವ ಕೆಲಸವನ್ನು ಒಂದೇ ಅಣು ಮಾಡಿಬಿಡುತ್ತದೆ. ಇದು ಇನ್ನೂ ತತ್ವದ ಮಟ್ಟದ ಸಾಧನೆ, ಆದರೂ ರೋಗಪತ್ತೆಯ ಮಟ್ಟಿಗೆ ಮುಂದಿನ ದಾರಿ ಎತ್ತ ಅನ್ನುವುದು ಇದರಲ್ಲಿ ಕಾಣುತ್ತದೆ.

ಜತೆಗಿದ್ದವರು

1997ರಲ್ಲಿ ಡಿ ಸಿಲ್ವ ಮತ್ತು ಸಹೋದ್ಯೋಗಿಗಳು ಕೆಮಿಕಲ್ ರಿವ್ಯೂಸ್ ಪತ್ರಿಕೆಗೆ ಹೊಳೆಯುವ ಸೆನ್ಸರ್‌ಗಳ ಬಗ್ಗೆ ದೀರ್ಘ ವಿಮರ್ಶಾ ಲೇಖನ ಬರೆದರು. ಈ ವಿಷಯಕ್ಕೆ ಕಾಲಿಡುವ ವಿದ್ಯಾರ್ಥಿಗಳು ಇಂದಿಗೂ ಓದುವ ಲೇಖನ ಅದು. ಲೇಖಕರ ಹೆಸರುಗಳನ್ನು ನೋಡಿದರೆ ಶ್ರೀಲಂಕಾ, ಐರ್ಲೆಂಡ್, ಐಸ್‌ಲ್ಯಾಂಡ್ ಎಲ್ಲ ಒಂದೇ ಸಾಲಿನಲ್ಲಿವೆ.

ಮೆಕಾಯ್ ಕ್ವೀನ್ಸ್‌ನಲ್ಲೇ ಫಾರ್ಮಸಿ ವಿಭಾಗದ ಪ್ರೊಫೆಸರ್ ಆದರು. ಗುನ್ಲಾಗ್ಸನ್ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಪ್ರೊಫೆಸರ್ ಆದರು, ನಾಫ್ತಲಿಮೈಡ್ ಅಣುಗಳ ಮೇಲೆ ತಮ್ಮದೇ ದೊಡ್ಡ ಗುಂಪು ಕಟ್ಟಿದರು. ರಿಚರ್ಡ್ ಬಿಸೆಲ್ ಬೆಲ್‌ಫಾಸ್ಟಿನಿಂದ ಫ್ರೇಸರ್ ಸ್ಟೊಡಾರ್ಟ್ ಅವರ ಗುಂಪಿಗೆ ಹೋಗಿ, 1994ರಲ್ಲಿ ಬಂದ ಆಣ್ವಿಕ ಶಟಲ್ (ಅಣುವಿನ ಒಂದು ಭಾಗ ಇನ್ನೊಂದರ ಮೇಲೆ ಆಚೀಚೆ ಓಡಾಡುವ ರಚನೆ) ಪ್ರಬಂಧದ ಮೊದಲ ಲೇಖಕರಾದರು. ಸ್ಟೊಡಾರ್ಟ್ ಅವರಿಗೆ 2016ರಲ್ಲಿ ಆಣ್ವಿಕ ಯಂತ್ರಗಳಿಗಾಗಿ ನೊಬೆಲ್ ಬಂತು.

ಮೂರು ಅಯಾನುಗಳ ಅಣುವಿನ ಕೆಲಸದಲ್ಲಿದ್ದ ಡೇವಿಡ್ ಮಾಗ್ರಿ ಮಾಲ್ಟಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರು ಅಮೀನ್ ಮತ್ತು ಹೊಳೆಯುವ ಭಾಗದ ಜತೆಗೆ ಕಬ್ಬಿಣ ಇರುವ ಫೆರೊಸೀನ್ ಎಂಬ ಭಾಗ ಸೇರಿಸಿ, ಆಮ್ಲವೂ ಆಕ್ಸಿಡೀಕರಣ ಮಾಡುವ ಪದಾರ್ಥವೂ ಎರಡೂ ಇದ್ದರಷ್ಟೇ ಹೊಳೆಯುವ ಅಣುಗಳನ್ನು ಕಟ್ಟಿದ್ದಾರೆ. ಫೆರೊಸೀನ್‌ನಿಂದ ಎಲೆಕ್ಟ್ರಾನ್ ಹಾರುತ್ತದೆ, ಆಕ್ಸಿಡೀಕರಣ ಆದ ಮೇಲೆ ಹಾರುವುದಿಲ್ಲ. ಭಾಗಗಳ ನಡುವೆ ಅಲ್ಲೂ ಅದೇ ಪುಟ್ಟ ಕೊಂಡಿಗಳಿವೆ.